'ಫೇರ್' ಎಂಬ ವಿಶೇಷಣ: ಚೆಲುವು, ಬಣ್ಣ ಮತ್ತು ನ್ಯಾಯದ ನಡುವೆ

ಭಾಷೆಯೊಂದರಲ್ಲಿ ಅತ್ಯಂತ ಸಾಮಾನ್ಯವಾಗಿ ಬಳಕೆಯಾಗುವ ಪದಗಳೇ ಅನುವಾದಕರಿಗೆ ಅತ್ಯಂತ ಹೆಚ್ಚಿನ ತೊಡಕನ್ನು ಒಡ್ಡುತ್ತವೆ. ಪಾರಿಭಾಷಿಕ ಪದಗಳಿಗೆ ಖಚಿತವಾದ ವ್ಯಾಖ್ಯೆ ಇರುತ್ತದೆ; ಅವುಗಳಿಗೆ ಸಮಾನಪದವೊಂದನ್ನು ರೂಪಿಸಿ ನೆಲೆಗೊಳಿಸುವುದು ಶ್ರಮಸಾಧ್ಯವಾದರೂ ಸಾಧ್ಯವೇ ಆಗಿದೆ. ದಿನಬಳಕೆಯ ವಿಶೇಷಣಗಳ ಸಂಗತಿ ಬೇರೆ. ಅವು ಶತಮಾನಗಳ ಅವಧಿಯಲ್ಲಿ ಹಲವು ಅರ್ಥಗಳನ್ನು ಒಡಲೊಳಗೆ ತುಂಬಿಕೊಂಡಿರುತ್ತವೆ. ಆ ಭಾಷಿಕರಿಗೆ ಅದು ಒಂದೇ ಪದವಾಗಿ ತೋರಿದರೆ, ಹೊರಗಿನಿಂದ ನೋಡುವವರಿಗೆ ಹಲವು ಪದಗಳ ಗುಂಪಾಗಿ ಕಾಣುತ್ತದೆ. ಇಂಗ್ಲಿಷಿನ 'ಫೇರ್' ಎಂಬ ವಿಶೇಷಣ ಇದಕ್ಕೆ ಒಂದು ಉತ್ತಮ ನಿದರ್ಶನ. ಸುಂದರವಾದ, ತಿಳಿಯಾದ, ಬಿಳಿಯ ಮೈಬಣ್ಣದ, ಸಾಧಾರಣ ಮಟ್ಟದ, ಪಕ್ಷಪಾತವಿಲ್ಲದ ಎಂಬಿಷ್ಟೂ ಅರ್ಥಗಳು ಈ ಒಂದೇ ಪದದಲ್ಲಿವೆ. ಕರ್ನಾಟಕದಲ್ಲಿ ಈ ಪದವು ಪಡಿತರ ಅಂಗಡಿಯ ಫಲಕದಿಂದ ತೊಡಗಿ ನ್ಯಾಯಾಲಯದ ತೀರ್ಪಿನವರೆಗೆ, ಕಬ್ಬಿನ ಬೆಲೆಯಿಂದ ವಧೂವರರ ಜಾಹೀರಾತಿನವರೆಗೆ ಹರಡಿಕೊಂಡಿದೆ. ಆದುದರಿಂದ ಇದರ ಅರ್ಥವಿಚಾರ ಕೇವಲ ನಿಘಂಟುಕಾರರ ಆಸಕ್ತಿಯ ವಿಷಯವಾಗಿ ಉಳಿಯುವುದಿಲ್ಲ.

ಪದದ ಮೂಲ

'ಫೇರ್' ಎಂಬುದು ಜರ್ಮಾನಿಕ್ ಮೂಲದ ಪದ. ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ 'ಫ್ಯಾಯೆರ್' ಎಂಬುದಕ್ಕೆ ಹತ್ತಿರವಾಗಿದ್ದು, ಸುಂದರವಾದ, ಹಿತಕರವಾದ ಎಂಬ ಅರ್ಥಗಳನ್ನು ನೀಡುತ್ತಿತ್ತು. ಹಳೆಯ ನಾರ್ಸ್ ಭಾಷೆಯ 'ಫಗ್ರ್' ಎಂಬ ಜ್ಞಾತಿಪದಕ್ಕೂ ಚೆಲುವಾದ ಎಂಬುದೇ ಅರ್ಥ. ನಾರ್ವೆಯ ದೊರೆ ಹರಾಲ್ಡನ ಬಿರುದು ಇಂಗ್ಲಿಷಿನಲ್ಲಿ 'ಫೇರ್‌ಹೇರ್' ಎಂದಾಗಿರುವುದು ಅವನ ಚೆಲುವಾದ ಕೂದಲನ್ನು ಸೂಚಿಸುತ್ತದೆ. ಇದೇ ಕುಟುಂಬದ ಗೋಥಿಕ್ ಭಾಷೆಯಲ್ಲಿ ಮಾತ್ರ 'ಫಗ್ರ್ಸ್' ಎಂಬ ರೂಪಕ್ಕೆ ತಕ್ಕ, ಯೋಗ್ಯವಾದ ಎಂಬ ಅರ್ಥ ದೊರೆಯುತ್ತದೆ. ತಕ್ಕುದಾದುದೇ ಚೆಲುವಾದುದು ಎಂಬ ಹಳೆಯ ಭಾವನೆಯೊಂದು ಈ ಪದಗಳ ಬುಡದಲ್ಲಿ ಇದ್ದಿರಬೇಕೆಂದು ಇದರಿಂದ ಊಹಿಸಲು ಅವಕಾಶವಿದೆ.

ಇಂಗ್ಲಿಷಿನಲ್ಲಿ ಇದೇ ಉಚ್ಚಾರದ ಇನ್ನೆರಡು ಪದಗಳಿವೆ; ಅವಕ್ಕೂ ಈ ವಿಶೇಷಣಕ್ಕೂ ಸಂಬಂಧವಿಲ್ಲ. ಜಾತ್ರೆ, ಸಂತೆ ಎಂಬ ಅರ್ಥದ ನಾಮಪದವು ಹಬ್ಬದ ದಿನವನ್ನು ಸೂಚಿಸುವ ಲ್ಯಾಟಿನ್ ಪದದಿಂದ ಫ್ರೆಂಚಿನ ಮೂಲಕ ಬಂದುದು. ಥ್ಯಾಕರೆಯ 'ವ್ಯಾನಿಟಿ ಫೇರ್' ಕಾದಂಬರಿಯ ಹೆಸರಿನಲ್ಲಿರುವುದು ಈ ಜಾತ್ರೆಯೇ ಹೊರತು ಚೆಲುವಲ್ಲ. ಬಸ್ಸಿನ, ರೈಲಿನ ಪ್ರಯಾಣದರವನ್ನು ಸೂಚಿಸುವ ಪದವಾದರೋ ಹೋಗು, ಸಂಚರಿಸು ಎಂಬರ್ಥದ ಹಳೆಯ ಇಂಗ್ಲಿಷ್ ಕ್ರಿಯಾಪದದಿಂದ ಬಂದಿದ್ದು, ಬರವಣಿಗೆಯಲ್ಲಿ ಅದರ ಕಾಗುಣಿತವೇ ಬೇರೆ. ಕನ್ನಡ ಲಿಪಿಯಲ್ಲಿ ಬರೆದಾಗ ಮೂರೂ ಒಂದೇ ರೂಪ ತಾಳುವುದರಿಂದ ಓದುಗರು ಎಚ್ಚರದಿಂದಿರಬೇಕಾಗುತ್ತದೆ.

ಅರ್ಥದ ಕವಲುಗಳು

ಚೆಲುವು ಎಂಬ ಮೂಲಾರ್ಥದಿಂದ ಹಲವು ಕವಲುಗಳು ಒಡೆದವು. ಮೋಡವಿಲ್ಲದ, ಮಳೆಯಿಲ್ಲದ ಹವೆ ಹಿತಕರವಾದುದರಿಂದ ಅದಕ್ಕೆ ಈ ವಿಶೇಷಣ ಸೇರಿತು. ಕಲೆ, ಕಾಟುಗಳಿಲ್ಲದ ಬರಹಕ್ಕೂ ಇದೇ ಪದ ಅನ್ವಯವಾಯಿತು. ಕಛೇರಿಗಳಲ್ಲಿ ಕರಡನ್ನು ತಿದ್ದಿ ಸಿದ್ಧಪಡಿಸುವ 'ಫೇರ್ ಕಾಪಿ'ಯನ್ನು ಕನ್ನಡದಲ್ಲಿ ಶುದ್ಧಪ್ರತಿ ಎನ್ನುತ್ತಾರೆ. ಕಲೆಯಿಲ್ಲದಿರುವುದು ಎಂಬ ಈ ಭಾವವೇ ನಡತೆಗೆ ವಿಸ್ತರಿಸಿ, ಮಧ್ಯಕಾಲೀನ ಇಂಗ್ಲಿಷಿನ ಅವಧಿಯಲ್ಲಿ ಪಕ್ಷಪಾತವಿಲ್ಲದ, ಮೋಸವಿಲ್ಲದ ಎಂಬ ಅರ್ಥ ಬೆಳೆಯಿತು. ಇನ್ನೊಂದೆಡೆ ಕೂದಲು ಮತ್ತು ಚರ್ಮದ ತಿಳಿಬಣ್ಣವೇ ಚೆಲುವೆಂಬ ಸಮಾಜದ ಅಭಿರುಚಿಯಿಂದಾಗಿ ಈ ಪದಕ್ಕೆ ಬಿಳಿಯ ಎಂಬ ಅರ್ಥವೂ ಅಂಟಿಕೊಂಡಿತು. ಬಹಳ ಕೆಡುಕೂ ಅಲ್ಲದ, ಬಹಳ ಉತ್ತಮವೂ ಅಲ್ಲದ ಎಂಬ ಮಧ್ಯಮಾರ್ಥ ಈಚಿನದು. ಶ್ರೇಣಿಗಳನ್ನು ಅತ್ಯುತ್ತಮ, ಉತ್ತಮ, ಸಾಧಾರಣ, ಕಳಪೆ ಎಂದು ಗುರುತಿಸುವಾಗ ಮೂರನೆಯ ಸ್ಥಾನದಲ್ಲಿರುವುದು ಇದೇ 'ಫೇರ್'.

ಪದವೊಂದರ ಅರ್ಥವನ್ನು ಅದರ ವಿರುದ್ಧಪದಗಳಿಂದ ಅಳೆಯುವುದು ಅರ್ಥವಿಜ್ಞಾನದ ಒಂದು ವಿಧಾನ. ಈ ವಿಶೇಷಣದ ಹಳೆಯ ಜೊತೆಗಾರ 'ಫೌಲ್', ಅಂದರೆ ಕೊಳಕಾದ, ಹೇಸಿಗೆಯ ಎಂಬ ಪದ. ಶೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕದ ಮೊದಲ ದೃಶ್ಯದಲ್ಲಿ ಮಾಟಗಾತಿಯರು ಈ ಎರಡನ್ನೂ ಒಂದಾಗಿಸಿ ಲೋಕದ ವ್ಯವಸ್ಥೆ ತಲೆಕೆಳಗಾಗುವುದನ್ನು ಸೂಚಿಸುತ್ತಾರೆ. ಅಲ್ಲಿ ಹವೆ, ರೂಪ, ಶೀಲ ಮೂರೂ ಬೆರೆತಿವೆ. ಅದೇ ಕವಿಯ 127ನೆಯ ಸುನೀತದಲ್ಲಿ ಇದರ ಎದುರಿಗೆ ನಿಲ್ಲುವುದು ಕಪ್ಪು. ಆಧುನಿಕ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಕೇಳಿಬರುವ ವಿರುದ್ಧರೂಪ 'ಅನ್‌ಫೇರ್'. ಅದು ನ್ಯಾಯಾರ್ಥಕ್ಕೆ ಮಾತ್ರ ವಿರುದ್ಧವಾದುದು. ಹೀಗೆ ಕೊಳಕು, ಕಪ್ಪು, ಅನ್ಯಾಯ ಎಂಬ ಮೂರು ಬೇರೆ ಬೇರೆ ವಿರುದ್ಧಗಳಿರುವುದೇ ಇದು ಮೂರು ಬೇರೆ ಬೇರೆ ಅರ್ಥಗಳ ಪದವೆಂಬುದಕ್ಕೆ ಸಾಕ್ಷಿ.

ಸಂದರ್ಭವನ್ನು ಗಮನಿಸದಿದ್ದರೆ ಉಂಟಾಗುವ ಪ್ರಮಾದಕ್ಕೆ ಚರಿತ್ರೆಯಿಂದ ಒಂದು ಉದಾಹರಣೆ ಸಾಕು. 1285ರಿಂದ 1314ರವರೆಗೆ ಫ್ರಾನ್ಸನ್ನು ಆಳಿದ ನಾಲ್ಕನೆಯ ಫಿಲಿಪ್‌ನಿಗೆ ಇಂಗ್ಲಿಷ್ ಗ್ರಂಥಗಳಲ್ಲಿ 'ಫೇರ್' ಎಂಬ ಉಪನಾಮವಿದೆ. ಫ್ರೆಂಚಿನ ಮೂಲ ಉಪನಾಮಕ್ಕೆ ರೂಪವಂತ ಎಂಬುದಷ್ಟೇ ಅರ್ಥ. ಸಾಲ ತೀರಿಸುವ ಭಾರದಿಂದ ಪಾರಾಗಲು ಟೆಂಪ್ಲರ್ ಪಂಥದವರನ್ನು ಸೆರೆಹಿಡಿಸಿದನೆಂಬ ಅಪಖ್ಯಾತಿಗೆ ಒಳಗಾದ ಈ ದೊರೆಯನ್ನು ನ್ಯಾಯವಂತ ಫಿಲಿಪ್ ಎಂದು ಅನುವಾದಿಸಿದರೆ ಚರಿತ್ರೆಯೇ ಅಡಿಮೇಲಾಗುತ್ತದೆ.

ಬಣ್ಣದ ಪ್ರಶ್ನೆ

ಭಾರತದಲ್ಲಿ ಈ ಪದದ ಬಣ್ಣಾರ್ಥ ಬಹುಮಟ್ಟಿಗೆ ಪ್ರಚಾರಕ್ಕೆ ಬಂದುದು ವೃತ್ತಪತ್ರಿಕೆಗಳ ವಧೂವರ ಜಾಹೀರಾತುಗಳಿಂದ ಮತ್ತು ಸೌಂದರ್ಯವರ್ಧಕಗಳ ಮಾರಾಟದಿಂದ. ಹಿಂದೂಸ್ತಾನ್ ಲಿವರ್ ಸಂಸ್ಥೆ 1975ರಲ್ಲಿ 'ಫೇರ್ ಅಂಡ್ ಲವ್ಲಿ' ಎಂಬ ಲೇಪನವನ್ನು ಮಾರುಕಟ್ಟೆಗೆ ತಂದಿತು. ಆ ಹೆಸರಿನಲ್ಲಿ ಬಿಳುಪು ಮತ್ತು ಅಂದಗಳು ಜೋಡಿಪದಗಳಾಗಿ ನಿಂತವು. 2020ರ ಜೂನ್ ತಿಂಗಳಲ್ಲಿ, ವರ್ಣಭೇದವನ್ನು ಕುರಿತು ಜಗತ್ತಿನಾದ್ಯಂತ ಚರ್ಚೆ ನಡೆಯುತ್ತಿದ್ದ ಸಂದರ್ಭದಲ್ಲಿ, ಸಂಸ್ಥೆಯು ಹೆಸರಿನಿಂದ 'ಫೇರ್' ಎಂಬುದನ್ನು ಕೈಬಿಡುವುದಾಗಿ ಪ್ರಕಟಿಸಿ, ಬಳಿಕ 'ಗ್ಲೋ ಅಂಡ್ ಲವ್ಲಿ' ಎಂಬ ಹೆಸರನ್ನಿಟ್ಟಿತು. ಒಂದು ವಿಶೇಷಣದ ಅರ್ಥವು ಸಾರ್ವಜನಿಕ ಪ್ರಶ್ನೆಯಾಗಬಲ್ಲುದೆಂಬುದಕ್ಕೆ ಇದು ಈಚಿನ ನಿದರ್ಶನ.

ಕನ್ನಡ ಸಮಾಜದಲ್ಲಿ ಮೈಬಣ್ಣದ ಬಗೆಗಿನ ತಾರತಮ್ಯ ಇಂಗ್ಲಿಷಿನಿಂದಲೇ ಬಂದುದೆಂದು ಹೇಳುವುದು ಸರಿಯಾಗದು. 'ಹುಡುಗಿ ಬೆಳ್ಳಗಿದ್ದಾಳೆ', 'ಕೆಂಪಗಿದ್ದಾಳೆ' ಎಂಬ ಮಾತುಗಳು ಹೆಣ್ಣು ನೋಡುವ ಸಂದರ್ಭಗಳಲ್ಲಿ ಮೆಚ್ಚುಗೆಯ ಮಾತುಗಳಾಗಿಯೇ ಬಳಕೆಯಲ್ಲಿವೆ. ಆದರೆ ಭಾಷೆಯ ರಚನೆಯಲ್ಲಿ ಒಂದು ವ್ಯತ್ಯಾಸವಿದೆ. ಬೆಳ್ಳಗೆ, ಕೆಂಪಗೆ ಎಂಬಿವು ಬಣ್ಣವನ್ನು ಹೇಳುವ ಪದಗಳೇ ಹೊರತು ಅವುಗಳಿಗೆ ಚೆಲುವು ಎಂಬುದಾಗಲಿ ನ್ಯಾಯ ಎಂಬುದಾಗಲಿ ವಾಚ್ಯಾರ್ಥವಲ್ಲ. ಮೆಚ್ಚುಗೆಯನ್ನು ಹೇಳುವವರು ಬೇರೆಯಾಗಿ ಸೇರಿಸುತ್ತಾರೆ. ಆದುದರಿಂದ ಅದನ್ನು ಬೇರ್ಪಡಿಸುವುದೂ ಸಾಧ್ಯ. 'ಬೆಳ್ಳಗಿರುವುದೆಲ್ಲ ಹಾಲಲ್ಲ' ಎಂಬ ಗಾದೆ ಬಣ್ಣವನ್ನೂ ಗುಣವನ್ನೂ ಬೇರ್ಪಡಿಸಿಯೇ ಮಾತನಾಡುತ್ತದೆ. ಕಾಣೆಯಾದವರನ್ನು ಕುರಿತು ಪತ್ರಿಕೆಗಳಲ್ಲಿ ಬರುವ ಪೊಲೀಸ್ ಪ್ರಕಟಣೆಗಳ 'ಕೋಲುಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು' ಎಂಬ ವಿವರಣೆ ಗಮನಾರ್ಹವಾದುದು. ಎಣ್ಣೆಗೆಂಪು, ಗೋಧಿಬಣ್ಣ ಎಂಬ ಪದಗಳಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಇಂತಹ ನಿಖರವಾದ ಪದಗಳಿರುವಾಗ, ಮೈಬಣ್ಣದ ಅರ್ಥದಲ್ಲಿ 'ಫೇರ್' ಬಂದ ಕಡೆಯಲ್ಲೆಲ್ಲ ಸುಂದರ ಎಂದು ಅನುವಾದಿಸುವುದು ಮೂಲದ ಪೂರ್ವಗ್ರಹವನ್ನು ಕನ್ನಡಕ್ಕೆ ತಂದು ನಾಟಿದಂತಾಗುತ್ತದೆ.

ಬೆಲೆ, ಕೂಲಿ ಮತ್ತು ಪರಿಹಾರ

ಆಡಳಿತದ ಭಾಷೆಯಲ್ಲಿ ಈ ವಿಶೇಷಣಕ್ಕೆ ದೊರೆತ ಅತ್ಯಂತ ಯಶಸ್ವಿ ಕನ್ನಡ ರೂಪ 'ನ್ಯಾಯಬೆಲೆ ಅಂಗಡಿ' ಎಂಬುದು. ಸಂಸ್ಕೃತದ 'ನ್ಯಾಯ' ಮತ್ತು ಕನ್ನಡದ 'ಬೆಲೆ' ಸೇರಿ ಆದ ಈ ಸಮಾಸವನ್ನು ಹಳಗನ್ನಡ ವ್ಯಾಕರಣದ ದೃಷ್ಟಿಯಿಂದ ಅರಿಸಮಾಸವೆನ್ನಬೇಕಾಗುತ್ತದೆ. ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಇಂತಹ ಕೂಡಿಕೆಯನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೂ ಈ ಪದ ರಾಜ್ಯದ ಹಳ್ಳಿಹಳ್ಳಿಯ ಫಲಕಗಳ ಮೇಲೆ ನೆಲೆನಿಂತಿದೆ. ಜನರ ಬಾಯಲ್ಲಿ ಅದು ರೇಷನ್ ಅಂಗಡಿಯೋ ಸೊಸೈಟಿಯೋ ಆಗಿದ್ದರೂ ಬರವಣಿಗೆಯಲ್ಲಿ ಈ ರೂಪಕ್ಕೆ ಪ್ರತಿಸ್ಪರ್ಧಿಯಿಲ್ಲ.

ಒಂದು ಕಡೆ ಸಂದ ಈ ಯಶಸ್ಸು ಇತರ ಕಡೆಗಳಲ್ಲಿ ತೊಡಕಿಗೂ ಕಾರಣವಾಗಿದೆ. 'ಫೇರ್' ಎಂದು ಕಂಡಲ್ಲೆಲ್ಲ 'ನ್ಯಾಯ' ಎಂಬುದಕ್ಕೆ ಒಂದು ಪ್ರತ್ಯಯವನ್ನೋ ಉತ್ತರಪದವನ್ನೋ ಹಚ್ಚಿ ನ್ಯಾಯಯುತ, ನ್ಯಾಯಸಮ್ಮತ, ನ್ಯಾಯೋಚಿತ ಎಂದು ಬರೆಯುವುದು ರೂಢಿಯಾಗಿದೆ. ಕಬ್ಬಿನ ಬೆಲೆಯ ಉದಾಹರಣೆಯನ್ನು ನೋಡಬಹುದು. 2009ರವರೆಗೆ ಕೇಂದ್ರ ಸರ್ಕಾರ ನಿಗದಿಪಡಿಸುತ್ತಿದ್ದ ದರಕ್ಕೆ ಶಾಸನಬದ್ಧ ಕನಿಷ್ಠ ಬೆಲೆ ಎಂದು ಹೆಸರಿತ್ತು. 2009–10ರ ಹಂಗಾಮಿನಿಂದ ಅದರ ಸ್ಥಾನದಲ್ಲಿ ಎಫ್‌ಆರ್‌ಪಿ, ಅಂದರೆ ನ್ಯಾಯಯುತ ಮತ್ತು ಲಾಭದಾಯಕ ಬೆಲೆ ಎಂಬುದು ಜಾರಿಗೆ ಬಂದಿತು. ಲೆಕ್ಕಾಚಾರದಲ್ಲಿ ರೈತನ ಲಾಭಾಂಶಕ್ಕೂ ನಷ್ಟಸಂಭವಕ್ಕೂ ಅವಕಾಶ ಕಲ್ಪಿಸಲಾಯಿತಾದರೂ, ಕಾನೂನಿನ ದೃಷ್ಟಿಯಲ್ಲಿ ಅದು ಕಾರ್ಖಾನೆಗಳು ಕೊಡಲೇಬೇಕಾದ ಕನಿಷ್ಠ ದರವಾಗಿಯೇ ಉಳಿಯಿತು. ಹಿಂದಿನ ಹೆಸರು ಅದು ಕನಿಷ್ಠವೆಂಬುದನ್ನು ನೇರವಾಗಿ ಹೇಳುತ್ತಿತ್ತು. ಈಗಿನ ಹೆಸರನ್ನು ಕನ್ನಡದಲ್ಲಿ ಓದುವ ಬೆಳೆಗಾರನಿಗೆ ಅದಕ್ಕಿಂತ ಹೆಚ್ಚಿನದನ್ನು ಕೇಳುವುದು ನ್ಯಾಯವನ್ನು ಮೀರಿದ ಬೇಡಿಕೆಯೋ ಎಂಬ ಭಾವನೆ ಉಂಟಾಗುವ ಸಾಧ್ಯತೆಯಿದೆ. ಇಂಗ್ಲಿಷಿನ 'ಫೇರ್' ಪದಕ್ಕೆ 'ಸುಮಾರಾಗಿ ಸರಿಯೆನಿಸುವ' ಎಂಬ ಮೆದುವಾದ ಛಾಯೆಯಿದೆ. ಕನ್ನಡದ 'ನ್ಯಾಯ'ಕ್ಕೆ ಆ ಮೆದುತನವಿಲ್ಲ.

ಕೂಲಿಯ ವಿಷಯದಲ್ಲಿ ಈ ಅಂತರ ಇನ್ನೂ ಸ್ಪಷ್ಟವಾಗುತ್ತದೆ. 1948ರಲ್ಲಿ ಭಾರತ ಸರ್ಕಾರ ನೇಮಿಸಿದ ಸಮಿತಿಯೊಂದು ವೇತನವನ್ನು ಮೂರು ಹಂತಗಳಲ್ಲಿ ವಿಂಗಡಿಸಿತು. ಕೆಳಗಿನದು ಕನಿಷ್ಠ ವೇತನ, ಮೇಲಿನದು ಘನತೆಯ ಬದುಕಿಗೆ ಸಾಕಾಗುವ ಜೀವನ ವೇತನ, ಇವೆರಡರ ನಡುವಿನದು 'ಫೇರ್ ವೇಜ್'. ಈ ನಡುವಿನ ವೇತನದ ಮೇಲ್ಮಿತಿಯನ್ನು ಉದ್ಯಮದ ಪಾವತಿ ಸಾಮರ್ಥ್ಯ ನಿರ್ಧರಿಸುತ್ತದೆ. ಸಂವಿಧಾನದ 43ನೆಯ ಅನುಚ್ಛೇದ ರಾಜ್ಯದ ಗುರಿಯಾಗಿ ಹೇಳುವುದು ಜೀವನ ವೇತನವನ್ನು. ನಡುವಿನ ಹಂತಕ್ಕೆ ನ್ಯಾಯಯುತ ವೇತನ ಎಂದು ಹೆಸರಿಟ್ಟಾಗ, ನ್ಯಾಯ ಅಲ್ಲಿಗೇ ಸಂದಿತು, ಅದರ ಮೇಲಿನದು ಔದಾರ್ಯ ಎಂಬ ಅರ್ಥ ಕನ್ನಡದಲ್ಲಿ ಹೊಮ್ಮುತ್ತದೆ. ಸಮಿತಿಯ ಉದ್ದೇಶ ಅದಾಗಿರಲಿಲ್ಲ.

ಭೂಸ್ವಾಧೀನದ ಸಂದರ್ಭದಲ್ಲಿ ಪದದ ಬಳಕೆ ಮತ್ತೊಂದು ಬಗೆಯದು. 1894ರ ಹಳೆಯ ಕಾಯ್ದೆಯ ಬದಲಾಗಿ ಬಂದ 2013ರ ಕಾಯ್ದೆ 2014ರ ಜನವರಿ 1ರಿಂದ ಜಾರಿಗೆ ಬಂದಿದ್ದು, ಅದರ ಶೀರ್ಷಿಕೆಯಲ್ಲಿಯೇ 'ಫೇರ್' ಪರಿಹಾರದ ಹಕ್ಕನ್ನು ಹೇಳಲಾಗಿದೆ. ಮಾರುಕಟ್ಟೆಯ ಮೌಲ್ಯವನ್ನು ಗ್ರಾಮೀಣ ಪ್ರದೇಶದಲ್ಲಿ 1ರಿಂದ 2ರವರೆಗಿನ ಗುಣಕದಿಂದ ಗುಣಿಸಿ, ಮರ ಕಟ್ಟಡ ಮೊದಲಾದವುಗಳ ಬೆಲೆಯನ್ನು ಕೂಡಿಸಿ, ಆ ಮೊತ್ತದ ಶೇ. 100ರಷ್ಟನ್ನು ಸಾಂತ್ವನಧನವಾಗಿ ಸೇರಿಸುವ ಕ್ರಮವನ್ನು ಕಾಯ್ದೆಯ ಅನುಸೂಚಿ ನಿರ್ದೇಶಿಸುತ್ತದೆ. ಇಲ್ಲಿ ವಿಶೇಷಣವು ಒಂದು ಲೆಕ್ಕದ ಹೆಸರಾಗಿದೆ. ಲೆಕ್ಕ ಸರಿಯಾಗಿದ್ದರೆ ಪರಿಹಾರವೂ ಸರಿ ಎಂಬುದು ಶಾಸನದ ನಿಲುವು. ತಲೆಮಾರುಗಳ ಹೊಲವನ್ನು ಕಳೆದುಕೊಂಡ ಕುಟುಂಬ 'ನ್ಯಾಯ ಸಿಗಲಿಲ್ಲ' ಎಂದಾಗ ಅದು ಲೆಕ್ಕವನ್ನು ಮಾತ್ರ ಕುರಿತು ಮಾತನಾಡುತ್ತಿರುವುದಿಲ್ಲ. ಅಧಿಕಾರಿ ಮತ್ತು ಭೂಮಾಲೀಕರು ಒಂದೇ ಪದವನ್ನು ಬಳಸುತ್ತ ಎರಡು ಬೇರೆ ಸಂಗತಿಗಳನ್ನು ಹೇಳುವ ಸನ್ನಿವೇಶ ಇದರಿಂದ ಉದ್ಭವಿಸುತ್ತದೆ.

ನ್ಯಾಯಾಲಯ ಮತ್ತು ತತ್ತ್ವಶಾಸ್ತ್ರ

1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ವ್ಯಕ್ತಿಯ ಸ್ವಾತಂತ್ರ್ಯವನ್ನು ಕಸಿಯುವ ಕಾರ್ಯವಿಧಾನ ಕಾನೂನಿನಲ್ಲಿ ಬರೆದಿದ್ದರಷ್ಟೇ ಸಾಲದು, ಅದು 'ಜಸ್ಟ್', 'ಫೇರ್' ಮತ್ತು 'ರೀಸನಬಲ್' ಆಗಿರಬೇಕು ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ಈ ಮೂರು ವಿಶೇಷಣಗಳನ್ನು ಒಟ್ಟಿಗೆ ಕನ್ನಡಿಸುವಾಗ ಮೊದಲನೆಯದಕ್ಕೆ 'ನ್ಯಾಯಯುತ' ಎಂದು ಬರೆದ ಕೂಡಲೇ ಎರಡನೆಯದಕ್ಕೆ ಪದ ಉಳಿಯುವುದಿಲ್ಲ. ನ್ಯಾಯಸಮ್ಮತ ಎಂದರೆ ಮೊದಲಿನದನ್ನೇ ಮತ್ತೊಮ್ಮೆ ಹೇಳಿದಂತಾಗುತ್ತದೆ. ವಿಚಾರಣೆಯ ಸಂದರ್ಭದಲ್ಲಿ 'ಫೇರ್' ಎಂಬುದು ಮುಖ್ಯವಾಗಿ ನಡೆಸುವ ಬಗೆಯನ್ನು ಕುರಿತದ್ದು: ಆರೋಪವನ್ನು ಮೊದಲೇ ತಿಳಿಸುವುದು, ಎರಡೂ ಕಡೆಯ ಮಾತನ್ನು ಕೇಳುವುದು, ತೀರ್ಮಾನಿಸುವವನು ಯಾರ ಪಕ್ಷಕ್ಕೂ ಸೇರದಿರುವುದು. ಅಂತಿಮ ತೀರ್ಪು ಸರಿಯಾಗಿದ್ದರೂ ನಡೆಸಿದ ಬಗೆ ಸರಿಯಿಲ್ಲದಿರಬಹುದು. ಈ ವ್ಯತ್ಯಾಸ ಕನ್ನಡ ಪಾಠದಲ್ಲಿ ಅಳಿಸಿಹೋದರೆ ಆರೋಪಿಯ ಹಕ್ಕಿನ ಒಂದು ಭಾಗವೇ ಓದುಗನ ಕಣ್ಣಿನಿಂದ ಮರೆಯಾದಂತೆ. ರಾಜ್ಯದ ಕಾನೂನುಗಳಿಗೆ ಸಂಬಂಧಿಸಿದಂತೆ 1963ರ ರಾಜಭಾಷಾ ಅಧಿನಿಯಮದಿಂದ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಸಂವಿಧಾನದ 348ನೆಯ ಅನುಚ್ಛೇದದಂತೆ ಪ್ರಕಟವಾಗುವ ಇಂಗ್ಲಿಷ್ ಪಾಠವೇ ಅಧಿಕೃತವೆನಿಸುತ್ತದೆ. ಅಂದರೆ ನಾಗರಿಕನು ಓದುವುದು ಕನ್ನಡದ ಪದವನ್ನು, ಅವನ ವ್ಯಾಜ್ಯವನ್ನು ತೀರ್ಮಾನಿಸುವುದು ಇಂಗ್ಲಿಷಿನ ಪದ. ಎರಡರ ನಡುವೆ ಅಂತರ ಕಡಿಮೆಯಾದಷ್ಟೂ ಅವನಿಗೆ ಒಳಿತು.

ಈ ತೊಡಕು ಕನ್ನಡಕ್ಕಷ್ಟೇ ಸೀಮಿತವಲ್ಲ. ಅಮೆರಿಕದ ತತ್ತ್ವಜ್ಞಾನಿ ಜಾನ್ ರಾಲ್ಸ್ 1958ರ ಪ್ರಬಂಧವೊಂದರಲ್ಲಿ ಮಂಡಿಸಿ, 1971ರ 'ಎ ಥಿಯರಿ ಆಫ್ ಜಸ್ಟಿಸ್' ಗ್ರಂಥದಲ್ಲಿ ವಿಸ್ತರಿಸಿದ ಸಿದ್ಧಾಂತದ ಹೆಸರೇ 'ಜಸ್ಟಿಸ್ ಆ್ಯಸ್ ಫೇರ್‌ನೆಸ್'. ಫ್ರೆಂಚ್ ಅನುವಾದದಲ್ಲಿ ಎರಡನೆಯ ಪದಕ್ಕೆ ಸಮತ್ವವನ್ನು ಸೂಚಿಸುವ 'ಎಕಿತೆ' ಎಂಬುದನ್ನು ಬಳಸಲಾಯಿತು; ಜರ್ಮನ್ ಭಾಷೆ ಇಂಗ್ಲಿಷ್ ಪದವನ್ನೇ ಎರವಲು ಪಡೆಯಿತು. ಭಾಷಾವಿಜ್ಞಾನಿ ಆನ್ನಾ ವಿಯರ್ಜ್‌ಬಿಕಾ ಅವರು 2006ರ ತಮ್ಮ ಗ್ರಂಥದಲ್ಲಿ, 'ಫೇರ್' ಎಂಬುದು ಸಾರ್ವತ್ರಿಕ ಪರಿಕಲ್ಪನೆಯಲ್ಲ, ಇಂಗ್ಲಿಷ್ ಸಂಸ್ಕೃತಿಗೆ ವಿಶಿಷ್ಟವಾದುದು ಎಂದು ವಾದಿಸಿದ್ದಾರೆ. ಅಮರ್ತ್ಯ ಸೇನ್ ಅವರು 2009ರ 'ದಿ ಐಡಿಯಾ ಆಫ್ ಜಸ್ಟಿಸ್' ಗ್ರಂಥದಲ್ಲಿ ನೀತಿ ಮತ್ತು ನ್ಯಾಯ ಎಂಬ ಸಂಸ್ಕೃತ ಪದಗಳ ಭೇದವನ್ನು ಬಳಸಿಕೊಂಡು, ಜನರ ಬದುಕಿನಲ್ಲಿ ವಾಸ್ತವವಾಗಿ ನೆರವೇರಿದ ಒಳಿತನ್ನು ನ್ಯಾಯವೆಂದು ಕರೆದಿದ್ದಾರೆ. ಅಷ್ಟು ವಿಶಾಲವಾದ ಅರ್ಥವುಳ್ಳ 'ನ್ಯಾಯ' ಪದವನ್ನು 'ಫೇರ್' ಎಂಬ ಕಿರಿದಾದ ಅರ್ಥಕ್ಕೆ ಬಳಸಿಬಿಟ್ಟರೆ ರಾಲ್ಸ್‌ನ ಸಿದ್ಧಾಂತವು ಕನ್ನಡದಲ್ಲಿ 'ನ್ಯಾಯಯುತತೆಯೆಂಬ ನ್ಯಾಯ' ಎಂಬ ಚಕ್ರೋಕ್ತಿಯಾಗುತ್ತದೆ.

ಕನ್ನಡದ ಒಳಗಿನ ದಾರಿ

ಪದಗಳ ಆಯ್ಕೆಯಲ್ಲಿ ಜನಬಳಕೆಯನ್ನು ಗಮನಿಸುವುದು ಫಲಕಾರಿ. ಆಟದಲ್ಲಿ ಅಸಮಾಧಾನಗೊಂಡ ಇಂಗ್ಲಿಷ್ ಮಗು 'ಇದು ಫೇರ್ ಅಲ್ಲ' ಎನ್ನುತ್ತದೆ. ಗೋಲಿಯಾಡುವ ಕನ್ನಡದ ಮಗು 'ಇದು ಮೋಸ', 'ಕಳ್ಳಾಟ' ಎನ್ನುತ್ತದೆ. ಊರಿನ ಹಿರಿಯರು ವ್ಯಾಜ್ಯಕ್ಕೆ ಕುಳಿತಾಗ 'ನ್ಯಾಯ ಸೇರಿಸುತ್ತಾರೆ', ಕೊನೆಯಲ್ಲಿ 'ಇಬ್ಬರಿಗೂ ಒಪ್ಪುವ ಹಾಗೆ' ಮಾತು ಮುಗಿಸುತ್ತಾರೆ. ಈ ಕೊನೆಯ ಪ್ರಯೋಗ ವಿಶೇಷ ಪರಿಶೀಲನೆಗೆ ಅರ್ಹವಾದುದು.

'ಒಪ್ಪು' ಎಂಬುದು ಅಚ್ಚಕನ್ನಡದ ಧಾತು. ತಮಿಳು, ತೆಲುಗುಗಳಲ್ಲಿಯೂ ಇದರ ಜ್ಞಾತಿರೂಪಗಳಿವೆ. ಹಳಗನ್ನಡ ಕಾವ್ಯಗಳಲ್ಲಿ ಇದು ಶೋಭಿಸು, ಚೆಲುವಾಗಿ ಕಾಣು ಎಂಬ ಅರ್ಥದಲ್ಲಿ ಹೇರಳವಾಗಿ ಪ್ರಯೋಗಗೊಂಡಿದೆ. 'ಒಪ್ಪ ಓರಣ' ಎಂಬ ಜೋಡುನುಡಿಯಲ್ಲಿ ಅಚ್ಚುಕಟ್ಟು ಎಂಬ ಅರ್ಥ ಇಂದಿಗೂ ಉಳಿದಿದೆ. 'ಈ ಸೀರೆ ನಿನಗೆ ಒಪ್ಪುತ್ತದೆ' ಎನ್ನುವಾಗ ತಕ್ಕುದಾಗು ಎಂಬ ಅರ್ಥ. 'ತಪ್ಪು ಒಪ್ಪು' ಎನ್ನುವಾಗ ಸರಿಯಾದುದು ಎಂಬ ಅರ್ಥ. ಒಪ್ಪಿಗೆ, ಒಪ್ಪಂದಗಳಲ್ಲಿ ಸಮ್ಮತಿ. ಶಾಸನಗಳ ಕೊನೆಯಲ್ಲಿ ಬರುವ 'ಒಪ್ಪ' ಎಂಬುದಕ್ಕೆ ಸಮ್ಮತಿಯ ಗುರುತಾದ ರುಜು ಎಂಬ ಅರ್ಥ. ಚೆಲುವು, ತಕ್ಕುದು, ಸರಿಯಾದುದು ಎಂಬ ಮೂರನ್ನೂ ಇಂಗ್ಲಿಷಿನ 'ಫೇರ್' ಮತ್ತು ಅದರ ಜ್ಞಾತಿಗಳು ಹೇಗೆ ಒಳಗೊಂಡಿವೆಯೋ ಹಾಗೆಯೇ ಕನ್ನಡದ 'ಒಪ್ಪು' ಒಳಗೊಂಡಿದೆ. ವ್ಯತ್ಯಾಸವೆಂದರೆ ಅದರಲ್ಲಿ ಮೈಬಣ್ಣದ ಅರ್ಥವಿಲ್ಲ, ಸಮ್ಮತಿಯ ಅರ್ಥವಿದೆ. ಸ್ವತಂತ್ರರೂ ಸಮಾನರೂ ಆದ ಜನರು ತಮ್ಮ ಸ್ಥಾನಮಾನದ ಅರಿವಿಲ್ಲದ ಸ್ಥಿತಿಯಲ್ಲಿ ಯಾವ ತತ್ತ್ವಗಳಿಗೆ ಸಮ್ಮತಿಸುವರೋ ಅವೇ ನ್ಯಾಯದ ತತ್ತ್ವಗಳು ಎಂಬ ರಾಲ್ಸ್‌ನ ವಾದಕ್ಕೆ ಇದು ಬಹಳ ಸಮೀಪದ್ದು.

ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಸಾಲದ ಒತ್ತಡದಲ್ಲಿರುವ ಬೆಳೆಗಾರ ಕಡಿಮೆ ದರಕ್ಕೂ ಒಪ್ಪಬಹುದು. ಕೆಲಸ ಬೇಕಾದವನು ಅರೆಕೂಲಿಗೂ ಒಪ್ಪಬಹುದು. ಆ ಒಪ್ಪಿಗೆಯಿಂದ ಬೆಲೆಯಾಗಲಿ ಕೂಲಿಯಾಗಲಿ 'ಫೇರ್' ಆಗುವುದಿಲ್ಲ. ಆದುದರಿಂದ 'ಒಪ್ಪಿದ' ಎಂಬುದಕ್ಕೂ 'ಒಪ್ಪತಕ್ಕ' ಎಂಬುದಕ್ಕೂ ಇರುವ ಭೇದವನ್ನು ಕಾಯ್ದುಕೊಳ್ಳಬೇಕು. ಮೊದಲನೆಯದು ನಡೆದುಹೋದ ಸಂಗತಿ. ಎರಡನೆಯದು, ಒತ್ತಾಯವಿಲ್ಲದ ಯಾರೇ ಆದರೂ ಒಪ್ಪಲು ತಕ್ಕುದು ಎಂಬ ಅಳತೆಗೋಲು. ಒಪ್ಪತಕ್ಕ ಬೆಲೆ, ಒಪ್ಪತಕ್ಕ ವೇತನ ಎಂಬ ಪ್ರಯೋಗಗಳು ನ್ಯಾಯವೆಲ್ಲ ಸಂದಿತೆಂದು ಸಾರುವುದಿಲ್ಲ, ಚರ್ಚೆಗೆ ಎಡೆಗೊಡುತ್ತವೆ. ವಿಚಾರಣೆಯ ಸಂದರ್ಭದಲ್ಲಿ 'ಪಕ್ಷಪಾತರಹಿತ' ಎಂಬುದೂ, ಹವೆಗೆ 'ತಿಳಿಯಾದ' ಎಂಬುದೂ, ಶ್ರೇಣಿಗೆ 'ಸಾಧಾರಣ' ಎಂಬುದೂ, ಮೈಬಣ್ಣಕ್ಕೆ 'ಬಿಳಿಯ' ಎಂಬುದೂ ಸಾಕು. ನೆಲೆನಿಂತ 'ನ್ಯಾಯಬೆಲೆ ಅಂಗಡಿ'ಯನ್ನು ಅಲುಗಿಸಬೇಕಾದ ಅಗತ್ಯವಿಲ್ಲ.

ಒಟ್ಟಾರೆಯಾಗಿ, ಇಂಗ್ಲಿಷ್ ತನ್ನ ಚರಿತ್ರೆಯ ಕಾರಣದಿಂದ ಚೆಲುವು, ಬಿಳುಪು, ನಿಷ್ಪಕ್ಷಪಾತಗಳನ್ನು ಒಂದೇ ಪದದಲ್ಲಿ ಕೂಡಿಹಾಕಿದೆ. ಕನ್ನಡ ಅವುಗಳನ್ನು ಬೇರೆ ಬೇರೆಯಾಗಿ ಇರಿಸಿಕೊಂಡಿರುವುದನ್ನು ಕೊರತೆಯೆಂದು ಭಾವಿಸಬೇಕಾಗಿಲ್ಲ. ಅನುವಾದಕನು ಸಂದರ್ಭವನ್ನರಿತು ಆಯ್ದುಕೊಳ್ಳುವ ಸ್ವಾತಂತ್ರ್ಯ ಅದರಿಂದಲೇ ಒದಗಿದೆ. ಆ ಆಯ್ಕೆಯ ಹೊಣೆಯನ್ನು ಮರೆತು ಎಲ್ಲೆಡೆಯೂ ಒಂದೇ ಪದವನ್ನು ಇಟ್ಟರೆ ಅದರ ನಷ್ಟವನ್ನು ಹೊರುವವರು ನಿಘಂಟುಕಾರರಲ್ಲ; ಕಬ್ಬು ಬೆಳೆಯುವವರು, ಕೂಲಿ ಮಾಡುವವರು, ನೆಲ ಕಳೆದುಕೊಂಡವರು ಮತ್ತು ಕಟಕಟೆಯಲ್ಲಿ ನಿಂತವರು.